ಶರಾವತಿ ಹಿನ್ನೀರಲ್ಲಿ ಮುಳುಗಿದ ಊರಿನವರು ತಮ್ಮ ಪೂರ್ವಿಕರನ್ನು ಹುಡುಕುವುದು ಹೇಗೆ?

ಊರು ಮುಳುಗಿದೆ, ದಾಖಲೆ ಉಳಿದಿರಲಿಕ್ಕಿಲ್ಲ, ಡಿಎನ್‌ಎ ಪರೀಕ್ಷೆ ಮಾಡಿಸಲೋ ಅಥವಾ ಕೆಳದಿ ಅರಸರ ಕಾಲದಿಂದ ಹುಡುಕುತ್ತ ಬರಲೋ ಅಂತ ಕೇಳಿದ್ದೀರಿ. ಎರಡೂ ಬೇಡ. ನಮ್ಮದೂ ಮುಳುಗಡೆಯ ಮನೆತನವೇ, ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಮುಳುಗಿದ್ದು ಮನೆ, ತೋಟ, ಗದ್ದೆ. ಕಡತ ಇದ್ದದ್ದು ಸಾಗರದ ಕಚೇರಿಯಲ್ಲಿ. ಅಷ್ಟೇ ಅಲ್ಲ, ಬೇರೆ ಊರಿನವರಿಗೆ ಸಿಗದ ಒಂದು ದಾಖಲೆ ಮುಳುಗಡೆಯವರಿಗೆ ಇರುತ್ತದೆ: ಭೂಸ್ವಾಧೀನದ ಅವಾರ್ಡು. ಯಾವ ಸರ್ವೆ ನಂಬರಿಗೆ ಖಾತೆದಾರ ಯಾರು, ಹಕ್ಕು ಕೇಳಿ ಬಂದ ಪಾಲುದಾರರು ಯಾರು, ಯಾರಿಗೆ ಎಷ್ಟು ಪರಿಹಾರ ಎಂದು ಅದರಲ್ಲಿ ಬರೆದಿರುತ್ತಾರೆ. ಪರಿಹಾರ ಹಂಚಿಕೆಗೆ ಅಣ್ಣತಮ್ಮಂದಿರು ಕೋರ್ಟಿಗೆ ಹೋಗಿದ್ದರೆ ಆ ಕಡತದಲ್ಲಿ ವಂಶವೃಕ್ಷವನ್ನೇ ಹಾಜರುಪಡಿಸಿರುವ ಸಾಧ್ಯತೆ ಹೆಚ್ಚು.

ಒಂದು ವಿಷಯ ಮೊದಲೇ ಖಾತ್ರಿ ಮಾಡಿಕೊಳ್ಳಿ. ನಿಮ್ಮೂರು ಮುಳುಗಿದ್ದು 1948ರ ಹಿರೇಭಾಸ್ಕರ ಅಣೆಕಟ್ಟಿಗೋ, 1964ರ ಲಿಂಗನಮಕ್ಕಿಗೋ? ಎರಡಕ್ಕೂ ಭೂಸ್ವಾಧೀನ ಬೇರೆ ಬೇರೆ ಕಾಲದ್ದು, ಕಡತವೂ ಬೇರೆ.

ಶುರು ಮಾಡಬೇಕಾದ್ದು ಈಗ ಕೈಯಲ್ಲಿರುವ ಪಹಣಿಯಿಂದ. 9ನೇ ಕಾಲಂನಲ್ಲಿ ಮಾಲೀಕರ ಹೆಸರು, 10ರಲ್ಲಿ ಆ ಹಕ್ಕು ಹೇಗೆ ಬಂತು ಎನ್ನುವುದಕ್ಕೆ ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್, ಅಂದರೆ ಖಾತೆ ಬದಲಾವಣೆಯ ಪುಸ್ತಕ) ನಂಬರು ಮತ್ತು ವರ್ಷ ಇರುತ್ತದೆ. ಆ ಮ್ಯುಟೇಷನ್ ತೆಗೆಸಿದರೆ ಹಿಂದಿನವರ ಹೆಸರು, ಅದರಿಂದ ಅವರ ಹಿಂದಿನವರು. ಪೌತಿ ಖಾತೆಯಾಗಿದ್ದರೆ ತೀರಿಕೊಂಡವರು ಯಾರು, ವಾರಸುದಾರರು ಯಾರು ಎಂಬುದೂ ಸಿಗುತ್ತದೆ. ಪುನರ್ವಸತಿಯಲ್ಲಿ ಕೊಟ್ಟ ಜಮೀನಾದರೆ ಈ ಸರಪಳಿ ಮಂಜೂರಾತಿ ಆದೇಶಕ್ಕೆ ಬಂದು ನಿಲ್ಲುತ್ತದೆ. ಅಲ್ಲಿ ಕೈಬಿಡಬೇಡಿ, ಆ ಮಂಜೂರಾತಿಯ ಕಡತ ಕೇಳಿ. ಮುಳುಗಿದ ಊರಿನ ಹೆಸರು ಮತ್ತು ಹಳೇ ಸರ್ವೆ ನಂಬರಿನ ಸುಳಿವು ಸಿಗುವುದು ಅದರಲ್ಲೇ. ಅದನ್ನು ಹಿಡಿದು ಅವಾರ್ಡಿಗೆ ಹೋಗಿ. ರೆಕಾರ್ಡ್ ರೂಮಿನಲ್ಲಿ ಕಡತ ಕಟ್ಟಿಟ್ಟಿರುವುದು ಗ್ರಾಮದ ಹೆಸರು, ಸರ್ವೆ ನಂಬರಿನ ಮೇಲೆ. ಬರೀ ಅಜ್ಜನ ಹೆಸರು ಹೇಳಿದರೆ ಎಂಥ ಒಳ್ಳೆಯ ಗುಮಾಸ್ತರಿದ್ದರೂ ಹುಡುಕಿಕೊಡಲಾರರು. ದೃಢೀಕೃತ ನಕಲಿಗೆ ಅರ್ಜಿ ಕೊಡಿ. ಉತ್ತರ ಬಾರದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಅವಾರ್ಡು, ಮಂಜೂರಾತಿ ಎರಡನ್ನೂ ಒಂದರಲ್ಲೇ ತುರುಕಿದರೆ ವಾಪಸು ಬರುತ್ತದೆ.

ಇನ್ನು ನಮ್ಮನ್ನು ದಾರಿ ತಪ್ಪಿಸಿದ ವಿಷಯ. ಇದನ್ನು ಉದ್ದಕ್ಕೇ ಹೇಳುತ್ತೇನೆ, ಏಕೆಂದರೆ ನಿಮ್ಮ ಮನೆಯಲ್ಲೂ ಇದು ಕಾದಿರಬಹುದು.

ನಮ್ಮಲ್ಲಿ ಹಿರಿಯ ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ರೂಢಿ. ಉದಾಹರಣೆಗೆ ಹುಚ್ಚಪ್ಪನ ಮಗ ತಿಮ್ಮಪ್ಪ, ಅವನ ಮಗ ಮತ್ತೆ ಹುಚ್ಚಪ್ಪ, ಅವನ ಮಗ ಮತ್ತೆ ತಿಮ್ಮಪ್ಪ ಅಂತಿಟ್ಟುಕೊಳ್ಳಿ. ದಾಖಲೆಯಲ್ಲಿ ಅಜ್ಜನೂ ‘ತಿಮ್ಮಪ್ಪ ಬಿನ್ ಹುಚ್ಚಪ್ಪ’, ಮೊಮ್ಮಗನೂ ‘ತಿಮ್ಮಪ್ಪ ಬಿನ್ ಹುಚ್ಚಪ್ಪ’. ತಂದೆಯ ಹೆಸರು ನೋಡಿದರೆ ಸಾಕು, ಗುರುತು ಸಿಕ್ಕಿತು ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಇದರ ಮೇಲೆ ಸಂವತ್ಸರದ ತೊಡಕು. ಮನೆಯಲ್ಲಿದ್ದ ಪಾಲುಪಟ್ಟಿಯಲ್ಲಿ ಈಶ್ವರ ಸಂವತ್ಸರ, ಮಾಘ ಮಾಸ ಎಂದಿತ್ತು, ಶಕ ವರ್ಷದ ಜಾಗ ಹುಳ ತಿಂದಿತ್ತು. ಈಶ್ವರ ಸಂವತ್ಸರ 1937–38ರಲ್ಲೂ ಬಂದಿದೆ, 1877–78ರಲ್ಲೂ ಬಂದಿದೆ. ಅರವತ್ತು ವರ್ಷದ ಚಕ್ರ ಅದು. ಅಜ್ಜ–ಮೊಮ್ಮಗನ ನಡುವಿನ ಅಂತರವೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಹಾಗಾಗಿ ತಪ್ಪು ವರ್ಷವೂ ಸರಿಯಾಗಿಯೇ ಕೂರುತ್ತದೆ, ಅನುಮಾನವೇ ಬರುವುದಿಲ್ಲ. ಅವಾರ್ಡಿನಲ್ಲಿ ಅದೇ ಹೆಸರಿದ್ದದ್ದರಿಂದ ನಾನು 1937–38 ಎಂದು ಬರೆದುಕೊಂಡೆ. ಇಬ್ಬರು ತಿಮ್ಮಪ್ಪಂದಿರು ಒಬ್ಬರಾದರು, ನಡುವಿನ ಹುಚ್ಚಪ್ಪ ತಮ್ಮ ಅಜ್ಜ ಹುಚ್ಚಪ್ಪನ ಜೊತೆ ಸೇರಿಹೋದರು, ಎರಡು ತಲೆಮಾರು ಪಟ್ಟಿಯಿಂದ ಬಿದ್ದುಹೋದವು. ಆ ಎರಡು ತಲೆಮಾರಿನ ಅಣ್ಣತಮ್ಮಂದಿರು, ಹೆಣ್ಣುಮಕ್ಕಳು, ಅವರನ್ನು ಕೊಟ್ಟ ಮನೆಗಳು ಎಲ್ಲವೂ ಅವರ ಜೊತೆ ಹೋದವು.

ಇದನ್ನು ಬಿಡಿಸುವುದು ಹೆಸರಿನಿಂದ ಆಗುವುದಿಲ್ಲ, ಹೆಸರಿನ ಸುತ್ತ ಇರುವವರಿಂದ ಆಗುತ್ತದೆ. ಪಾಲುಪಟ್ಟಿಯ ಚಕ್ಕುಬಂದಿ ಓದಿ: ಪೂರ್ವಕ್ಕೆ ಇಂಥವರ ತೋಟ, ಪಶ್ಚಿಮಕ್ಕೆ ಹಳ್ಳ, ದಕ್ಷಿಣಕ್ಕೆ ಇಂಥವರ ಗದ್ದೆ. ಆ ನೆರೆಯವರು ಬದುಕಿದ್ದ ಕಾಲ ಯಾವುದೆಂದು ಅವರ ಮನೆಯವರನ್ನು ಕೇಳಿದರೆ ಶತಮಾನ ತಾನಾಗಿ ಗೊತ್ತಾಗುತ್ತದೆ. ಪಾಲು ತೆಗೆದುಕೊಂಡ ತಮ್ಮಂದಿರ ಹೆಸರು, ‘ಕೋಂ’ ಎಂದು ಬರೆದ ಹೆಂಡತಿಯ ಹೆಸರು ನೋಡಿ; ಅಜ್ಜ–ಮೊಮ್ಮಗ ಇಬ್ಬರಿಗೂ ಇವು ಒಂದೇ ಇರುವುದು ಅಪರೂಪ. ತಿಥಿಯ ಜೊತೆ ವಾರ ಬರೆದಿದ್ದರೆ ಎರಡೂ ವರ್ಷಕ್ಕೆ ಪಂಚಾಂಗ ಲೆಕ್ಕ ಹಾಕಿ, ಸಾಮಾನ್ಯವಾಗಿ ಒಂದಕ್ಕೆ ಮಾತ್ರ ಕೂಡುತ್ತದೆ. ಶಕ ವರ್ಷ ಉಳಿದಿದ್ದರೆ 78 ಕೂಡಿಸಿ, ಮಾಘ–ಫಾಲ್ಗುಣದ ದಾಖಲೆಗೆ ಹೆಚ್ಚಾಗಿ 79. ಹಾಗಾಗಿ ನೇರ ಗಂಡುಸಾಲು ಮಾತ್ರ ಬರೆಯುವ ವಂಶವೃಕ್ಷದ ಬಗ್ಗೆ ನನಗೆ ನಂಬಿಕೆ ಇಲ್ಲ. ಚಿಕ್ಕಪ್ಪ, ದೊಡ್ಡಪ್ಪ, ಅತ್ತೆಯರನ್ನು ಬಿಟ್ಟ ಪಟ್ಟಿಯನ್ನು ಪರೀಕ್ಷಿಸಲು ದಾರಿಯೇ ಇರುವುದಿಲ್ಲ.

ಹೆಣ್ಣುಮಕ್ಕಳು ಹಳೇ ಖಾತೆಯಲ್ಲಿ ಸಿಗುವುದು ಕಡಿಮೆ. ಖಾತೆ ಮನೆ ಯಜಮಾನನ ಹೆಸರಿಗೆ ಆಗುತ್ತಿತ್ತು. ಅವರು ಸಿಗುವುದು ಮದುವೆಯ ಮುಯ್ಯಿ ಪುಸ್ತಕದಲ್ಲಿ. ಯಾವ ಊರಿನಿಂದ ಯಾರು ಎಷ್ಟು ಕೊಟ್ಟರು ಎಂಬ ಆ ಸಾಲುಗಳಲ್ಲಿ ಕೊಟ್ಟು ತಂದ ಮನೆಗಳೆಲ್ಲ ಇರುತ್ತವೆ. ಮನೆಯಲ್ಲಿ ಮಹಾಲಯ ಮಾಡುವ ರೂಢಿಯಿದ್ದರೆ ಪುರೋಹಿತರಿಗೆ ಹೇಳುವ ಪಟ್ಟಿಯನ್ನು ಇವತ್ತೇ ಬರೆದುಕೊಳ್ಳಿ, ಅಪ್ಪನ ಕಡೆ ಮೂರು ತಲೆ, ಅಮ್ಮನ ತವರಿನ ಮೂರು ತಲೆ ಅದರಲ್ಲೇ ಸಿಗುತ್ತವೆ. ದೀವರ ಮನೆತನವಾದರೆ ‘ಬಳಿ’ ಯಾವುದೆಂದು ಕೇಳಿ, ಅದು ಗೋತ್ರದಂಥ ಕುಲದ ಹೆಸರು, ತಾಯಿಯಿಂದ ಬರುವಂಥದ್ದು.

ಹಿರಿಯರು ಗೇಣಿದಾರರಾಗಿದ್ದರೆ 9ನೇ ಕಾಲಂನಲ್ಲಿ ಸಿಗುವುದಿಲ್ಲ. ಸಾಗುವಳಿದಾರರ 12ನೇ ಕಾಲಂ ನೋಡಿ. ಮುಳುಗಡೆಯ ನಂತರವೂ ಗೇಣಿ ಮಾಡುತ್ತಿದ್ದವರಾದರೆ ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ಮೇಲೆ ಭೂ ನ್ಯಾಯಮಂಡಳಿಗೆ ಕೊಟ್ಟ ನಮೂನೆ 7ರ (ಗೇಣಿದಾರರ ಹಕ್ಕಿನ ಅರ್ಜಿ) ಕಡತ ಕೇಳಿ. ಗೇಣಿದಾರರ ಕಾಗೋಡು ಸತ್ಯಾಗ್ರಹ ನಡೆದ ತಾಲೂಕಿನಲ್ಲಿ ಅರ್ಧ ಊರಿನ ಚರಿತ್ರೆ ಅಲ್ಲೇ ಇದೆ. ಜನನ–ಮರಣ ನೋಂದಣಿ ಕಾಯ್ದೆ 1969ರದ್ದು, ಅದಕ್ಕೂ ಹಿಂದಿನವರಿಗೆ ಶಾಲೆಯ ದಾಖಲಾತಿ ರಿಜಿಸ್ಟರೇ ಗಟ್ಟಿ. ಆದರೆ ಅದರಲ್ಲಿ ಅಪ್ಪನ ಹೆಸರು, ಊರು ನಂಬಿ. ಹುಟ್ಟಿದ ತಾರೀಖು ಅಂದಾಜಿನದ್ದಿರಬಹುದು.

ಕೆಳದಿಯ ಮಾತು ಇದೆಲ್ಲ ಮುಗಿದ ಮೇಲೆ. ಮೈಸೂರು ಸೀಮೆಯಲ್ಲಿ ಕಂದಾಯ ಸರ್ವೆ ಶುರುವಾದದ್ದೇ 1863ರಲ್ಲಿ, ಕೆಳದಿ ಅರಸರ ರಾಜಧಾನಿ ಬಿದನೂರು ಹೈದರಾಲಿಯ ಪಾಲಾದದ್ದು 1763ರಲ್ಲಿ. ನಡುವಿನ ನೂರು ವರ್ಷಕ್ಕೆ ಸರ್ವೆ ನಂಬರಿನ ಆಸರೆ ಇಲ್ಲ. ಅಲ್ಲಿಯವರೆಗೆ ಸಾಲು ಗಟ್ಟಿಯಾಗಿ ಬಂದಿದ್ದರೆ ಮಾತ್ರ ಕೆಳದಿಯ ಮ್ಯೂಸಿಯಂಗೆ ಹೋಗಿ, ಅಲ್ಲಿ ಓಲೆಗರಿ, ಕಡತಗಳಿವೆ (ಇಲ್ಲಿ ಕಡತ ಎಂದರೆ ಕಚೇರಿಯ ಫೈಲಲ್ಲ, ಕಪ್ಪು ಬಳಿದ ಬಟ್ಟೆಯ ಮಡಿಕೆ ಪುಸ್ತಕ), ತಿಗಳಾರಿ ಲಿಪಿಯವೂ ಇವೆ. ಹೋಗುವಾಗ ಮನೆತನದ ಹೆಸರಿಗಿಂತ ಮುಖ್ಯವಾಗಿ ಊರಿನ ಹಳೇ ಹೆಸರು, ಸೀಮೆ, ನಡೆದುಕೊಳ್ಳುತ್ತಿದ್ದ ದೇವಸ್ಥಾನ ಅಥವಾ ಮಠ, ಉಂಬಳಿ ಇದ್ದರೆ ಅದರ ವಿವರ ಬರೆದುಕೊಂಡು ಹೋಗಿ. ಮನೆಯಲ್ಲಿ ಅಂಥ ಕಡತ ಸಿಕ್ಕಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಅದು ಬಳಪದ ಬರಹ, ಅಳಿಸಿಹೋಗುತ್ತದೆ. ಓರೆಬೆಳಕಲ್ಲಿ ಫೋಟೊ ತೆಗೆದು ಅದನ್ನು ತೋರಿಸಿ.