ಬಾಲಣ್ಣ ದೊಡ್ಡವರೋ, ನರಸಿಂಹರಾಜು ದೊಡ್ಡವರೋ?

ಓದುಗರ ಪತ್ರ: ನಾನು ಅರಸೀಕೆರೆಯವನು, ನನ್ನ ಬೀಗರು ತಿಪಟೂರಿನವರು. ಮೊನ್ನೆ ಟೀವಿಯಲ್ಲಿ ಹಳೇ ಸಿನಿಮಾ ನೋಡುತ್ತಾ ಕೂತಿದ್ದಾಗ ವಾದ ಹತ್ತಿಕೊಂಡಿತು. ನಮ್ಮೂರಿನ ಟಿ.ಎನ್. ಬಾಲಕೃಷ್ಣ, ಅಂದರೆ ಬಾಲಣ್ಣ, 500ಕ್ಕೂ ಜಾಸ್ತಿ ಚಿತ್ರ ಮಾಡಿದರು. ಬೀಗರ ಊರಿನ ನರಸಿಂಹರಾಜು ಅವರದು ಅದರ ಅರ್ಧದಷ್ಟು. ಬಾಲಣ್ಣ ಹಾಸ್ಯ ಮಾಡಿದರು, ಕೆಡುಕನಾದರು, ಅಳಿಸಿದರು. ನರಸಿಂಹರಾಜು ಮಾತ್ರ ನಗಿಸಿದ್ದೇ ನಗಿಸಿದ್ದು. ಹಾಗಾದರೆ ಬಾಲಣ್ಣನೇ ದೊಡ್ಡ ನಟ ಅಲ್ವಾ? ಬೀಗರು ಸುತರಾಂ ಒಪ್ಪುತ್ತಿಲ್ಲ. ನಮ್ಮ ತಂದೆ ಇಬ್ಬರನ್ನೂ ನಾಟಕದಲ್ಲಿ ನೋಡಿದ್ದರು. ಅವರು ಈಗ ಇದ್ದಿದ್ದರೆ ಅವರನ್ನೇ ಕೇಳುತ್ತಿದ್ದೆ. ನೀವಾದರೂ ಹೇಳಿ.

ಸಂಪಾದಕರ ಉತ್ತರ:

ಮಾನ್ಯರೇ,

ಮೊದಲು ಲೆಕ್ಕದ ಮಾತು ಮುಗಿಸಿಬಿಡೋಣ. ಬಾಲಣ್ಣ ತೆರೆಗೆ ಬಂದದ್ದು 1943ರ ‘ರಾಧಾರಮಣ’ದಲ್ಲಿ. ತೀರಿಕೊಂಡದ್ದು 1995ರಲ್ಲಿ. ಐವತ್ತು ವರ್ಷ ದಾಟಿದ ಪಯಣ ಅದು. ನರಸಿಂಹರಾಜು ಶುರು ಮಾಡಿದ್ದು 1954ರ ‘ಬೇಡರ ಕಣ್ಣಪ್ಪ’ದಿಂದ. 1979ರಲ್ಲಿ ಹೋಗಿಬಿಟ್ಟರು. ಅವರಿಗೆ ಸಿಕ್ಕಿದ್ದು ಬರೀ 25 ವರ್ಷ. ಅರ್ಧ ಕಾಲದಲ್ಲಿ ಅರ್ಧ ಚಿತ್ರ, ಅಷ್ಟೇ ತಾನೇ? ನೀವು ಕೊಟ್ಟ ಅಂಕಿಯನ್ನೇ ವರ್ಷಕ್ಕಿಷ್ಟು ಅಂತ ಭಾಗಿಸಿ ನೋಡಿ, ಇಬ್ಬರೂ ವರ್ಷಕ್ಕೆ ಹತ್ತರ ಆಸುಪಾಸಿಗೇ ಬರುತ್ತಾರೆ. ಅದೂ ಅಲ್ಲದೆ, ಬಾಲಣ್ಣ ಬಂದ ಕಾಲದಲ್ಲಿ ಕನ್ನಡದಲ್ಲಿ ವರ್ಷಕ್ಕೆ ತಯಾರಾಗುತ್ತಿದ್ದ ಚಿತ್ರಗಳೇ ಬೆರಳೆಣಿಕೆಯಷ್ಟು. ಕೆಲಸ ಇಲ್ಲದ ವರ್ಷಗಳನ್ನೂ ಅವರು ಕಂಡಿದ್ದಾರೆ. ಹಾಗಾಗಿ ಚಿತ್ರಗಳ ಸಂಖ್ಯೆ ಹಿಡಿದುಕೊಂಡು ಜಗಳ ಆಡಿದರೆ ಇಬ್ಬರಿಗೂ ಅನ್ಯಾಯ.

ಇನ್ನು, ‘ನಗಿಸಿದ್ದೇ ನಗಿಸಿದ್ದು’ ಎಂಬ ಮಾತು. ಇದನ್ನು ನಾನು ಖಂಡಿತ ಒಪ್ಪುವುದಿಲ್ಲ. 1965ರ ‘ಸತ್ಯ ಹರಿಶ್ಚಂದ್ರ’ ನೋಡಿದ್ದೀರಲ್ಲ, ಅದರ ನಕ್ಷತ್ರಿಕನನ್ನು ಒಮ್ಮೆ ನೆನಪಿಸಿಕೊಳ್ಳಿ. ಕಥೆಯಲ್ಲಿ ಅವನ ಕೆಲಸ ಏನು? ವಿಶ್ವಾಮಿತ್ರರ ಸಾಲ ವಸೂಲಿಗೆ ರಾಜನ ಬೆನ್ನು ಹತ್ತುವುದು. ರಾಜ್ಯ ಬಿಟ್ಟು, ಹೆಂಡತಿ ಮಗುವಿನ ಜೊತೆ ಕಾಲ್ನಡಿಗೆಯಲ್ಲಿ ಹೊರಟವನನ್ನು ಹೆಜ್ಜೆಹೆಜ್ಜೆಗೂ ಪೀಡಿಸುವುದು. ಸರಿಯಾಗಿ ನೋಡಿದರೆ ಅದು ಕ್ರೂರ ಪಾತ್ರ. ಅದನ್ನು ಕಟುಕನ ಹಾಗೆ ಆಡಿದ್ದರೆ ಚಿತ್ರ ಭಾರವಾಗಿ ಕೂತುಬಿಡುತ್ತಿತ್ತು. ಬರೀ ಕೋಡಂಗಿ ಮಾಡಿದ್ದರೆ ಹರಿಶ್ಚಂದ್ರನ ನೋವೇ ಹಗುರಾಗುತ್ತಿತ್ತು. ನರಸಿಂಹರಾಜು ಎರಡನ್ನೂ ಮಾಡಲಿಲ್ಲ. ಆ ಸಣಕಲು ಮೈ, ಮುಂದೆ ಬಂದ ಹಲ್ಲು, ಚುರುಕು ಮಾತು ಎಲ್ಲ ಇಟ್ಟುಕೊಂಡೇ ನಮ್ಮನ್ನು ನಗಿಸುತ್ತಾರೆ. ಆದರೆ ಪಕ್ಕದಲ್ಲಿ ನಿಂತ ರಾಜ್‌ಕುಮಾರ್ ಅವರ ದುಃಖದ ಒಂದು ಚೂರನ್ನೂ ಕಿತ್ತುಕೊಳ್ಳುವುದಿಲ್ಲ. ನಗು ಬಂದ ಮರುಕ್ಷಣ ನಮಗೇ ಒಂಥರಾ ಸಂಕಟ ಆಗುತ್ತದೆ, ಇಂಥ ಕಷ್ಟದಲ್ಲಿರುವವನ ಎದುರು ನಕ್ಕುಬಿಟ್ಟೆವಲ್ಲ ಅಂತ. ಇಷ್ಟನ್ನು ಒಂದೇ ಪಾತ್ರದಲ್ಲಿ ಸಾಧಿಸಿದವರನ್ನು ಬರೀ ನಗಿಸಿದವರು ಅನ್ನುವುದು ಹೇಗೆ? 2008ರಲ್ಲಿ ಆ ಚಿತ್ರಕ್ಕೆ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದಾಗ, ನರಸಿಂಹರಾಜು ಬದುಕಿದ್ದಾಗ ಹುಟ್ಟಿಯೇ ಇರದ ಹುಡುಗರೂ ನಕ್ಷತ್ರಿಕನಿಗೆ ನಕ್ಕರು.

ಆ ಕಾಲದಲ್ಲಿ ನಿರ್ಮಾಪಕರು ಮೊದಲು ನರಸಿಂಹರಾಜು ಅವರ ಕಾಲ್‌ಶೀಟ್ (ನಟಿಸಲು ಒಪ್ಪಿ ಕೊಡುವ ದಿನಗಳು) ಗಟ್ಟಿ ಮಾಡಿಕೊಂಡು ಆಮೇಲೆ ನಾಯಕನ ಹತ್ತಿರ ಹೋಗುತ್ತಿದ್ದರು ಎಂಬ ಮಾತು ಗಾಂಧಿನಗರದಲ್ಲಿ ಇವತ್ತಿಗೂ ಇದೆ. ನಿಮ್ಮ ಬೀಗರ ಹಟದಲ್ಲಿ ಸುಮ್ನೆ ಊರಭಿಮಾನ ಮಾತ್ರ ಇಲ್ಲ.

ಈಗ ಬಾಲಣ್ಣನ ವಿಷಯ. ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ನಿಮಗೆ ಇದು ಗೊತ್ತಿರುತ್ತದೆ. ಆದರೆ ನಟನಿಗೆ ಇದರ ಅರ್ಥ ಏನು ಅಂತ ಯೋಚಿಸಿದ್ದೀರಾ? ಹಾಸ್ಯದ ಜೀವ ಇರುವುದೇ ಟೈಮಿಂಗ್‌ನಲ್ಲಿ. ಎದುರಿನವರ ಮಾತು ಎಲ್ಲಿ ಮುಗಿಯಿತು ಅಂತ ಗೊತ್ತಾಗದಿದ್ದರೆ ಉತ್ತರ ಒಂದು ಕ್ಷಣ ಮೊದಲೇ ಬೀಳುತ್ತದೆ, ಇಲ್ಲವೇ ತಡವಾಗುತ್ತದೆ. ಅರೆಕ್ಷಣ ತಪ್ಪಿದರೂ ನಗು ಸತ್ತಂತೆ. ಬಾಲಣ್ಣ ಎದುರಿನವರ ಮಾತನ್ನೂ ಬಾಯಿಪಾಠ ಮಾಡಿಕೊಂಡು, ಅವರ ತುಟಿ ನೋಡಿಕೊಂಡು ಮಾತು ಹಿಡಿಯುತ್ತಿದ್ದರು. ಇದು ಗೊತ್ತಾದ ಮೇಲೆ ಅವರ ದೃಶ್ಯಗಳನ್ನು ನಾನು ನೋಡುವ ರೀತಿಯೇ ಬದಲಾಯಿತು. ಅವರ ಕಣ್ಣು ಎದುರಿನವರ ಮುಖ ಬಿಟ್ಟು ಕದಲುವುದಿಲ್ಲ. ಮನೆಮುರುಕನ ಪಾತ್ರದಲ್ಲಿ ಆ ದಿಟ್ಟಿಯೇ ಕುತಂತ್ರದ ಹಾಗೆ ಕಾಣುತ್ತದೆ. ಇವನು ಏನೋ ಲೆಕ್ಕ ಹಾಕುತ್ತಿದ್ದಾನೆ ಅನಿಸುತ್ತದೆ. ಒಳ್ಳೆಯವನ ಪಾತ್ರದಲ್ಲಿ ಅದೇ ದಿಟ್ಟಿ ಕಳಕಳಿಯ ಹಾಗೆ ಕಾಣುತ್ತದೆ. ಕೊರತೆಯನ್ನು ಮುಚ್ಚಿಕೊಳ್ಳಲು ಕಲಿತದ್ದೇ ಅವರ ನಟನೆಯ ಬೆನ್ನೆಲುಬಾಯಿತು ಅಂತ ನನಗೆ ಬಲವಾಗಿ ಅನಿಸಿದೆ.

ಊರಿಗೆ ಬೆಂಕಿ ಹಚ್ಚುವ, ಅಣ್ಣತಮ್ಮಂದಿರ ನಡುವೆ ಚಾಡಿ ಹೇಳುವ ಬಾಲಣ್ಣನನ್ನು ನೋಡಿ ಹಲ್ಲು ಕಡಿದವರೇ, 1972ರಲ್ಲಿ ‘ಬಂಗಾರದ ಮನುಷ್ಯ’ದ ರಾಚೂಟಪ್ಪನನ್ನು ನೋಡಿ ಕಣ್ಣೊರೆಸಿಕೊಂಡರು. ನಾಯಕ ರಾಜೀವನ ಬೆನ್ನಿಗೆ ನಿಲ್ಲುವ ಆ ಹಿರಿಯ ಸ್ನೇಹಿತನಲ್ಲಿ ಹಳೆಯ ಕುಹಕದ ಸುಳಿವೂ ಇಲ್ಲ. ದನಿ ಅದೇ, ಮುಖ ಅದೇ. ಮನುಷ್ಯ ಮಾತ್ರ ಬೇರೆ. ಆಗ ಬಾಲಣ್ಣನ ವಯಸ್ಸು ಅರವತ್ತರ ಹತ್ತಿರ.

ನನ್ನ ಉತ್ತರ ಇರುವುದು ಇಲ್ಲೇ. ನಟನೆಯ ಹರವು ನೋಡಿದರೆ ಬಾಲಣ್ಣನೇ ದೊಡ್ಡವರು. ಇದನ್ನು ಹೇಳಲು ನನಗೆ ಹಿಂಜರಿಕೆ ಇಲ್ಲ. ಆದರೆ ರಾಚೂಟಪ್ಪನಂಥ ಪಾತ್ರ ಬರಲು ಅವರಿಗೆ ಅಷ್ಟು ವಯಸ್ಸಾಗಬೇಕಾಯಿತು. 1923ರಲ್ಲಿ ಹುಟ್ಟಿದ ನರಸಿಂಹರಾಜು ಅರವತ್ತನ್ನು ನೋಡಲೇ ಇಲ್ಲ. ಕೂದಲು ನೆರೆತ ನರಸಿಂಹರಾಜು ಹೇಗೆ ಅಜ್ಜನ ಪಾತ್ರ ಮಾಡುತ್ತಿದ್ದರು, ನಿವೃತ್ತ ಮೇಷ್ಟರಾಗಿ ಹೇಗೆ ಕಾಣುತ್ತಿದ್ದರು ಅನ್ನುವುದು ನಮಗೆ ಗೊತ್ತಾಗಲಿಲ್ಲ. ಎಪ್ಪತ್ತರ ದಶಕದ ಹೊತ್ತಿಗೆ ದ್ವಾರಕೀಶ್ ಅವರಂಥ ಹೊಸಬರು ಬಂದಿದ್ದರು, ಹಾಸ್ಯದ ಧಾಟಿ ಬದಲಾಗುತ್ತಿತ್ತು. ನರಸಿಂಹರಾಜು ಕೈಕಟ್ಟಿ ಕೂರಲಿಲ್ಲ. 1974ರಲ್ಲಿ ‘ಪ್ರೊಫೆಸರ್ ಹುಚ್ಚೂರಾಯ’ ಚಿತ್ರವನ್ನು ತಾವೇ ನಿರ್ಮಿಸಿ ಮುಖ್ಯ ಪಾತ್ರ ಮಾಡಿದರು. ಮುಂದಿನ ದಾರಿ ಹುಡುಕುತ್ತಿದ್ದ ನಟ ಅವರು. ಹುಡುಕಾಟ ಅರ್ಧಕ್ಕೇ ನಿಂತಿತು. ಪೂರ್ತಿ ನಡೆದ ಪಯಣವನ್ನು ಅರ್ಧಕ್ಕೆ ನಿಂತ ಪಯಣದ ಪಕ್ಕ ಇಟ್ಟು ಯಾರು ಜಾಸ್ತಿ ದೂರ ಹೋದರು ಅಂತ ಕೇಳಿದರೆ ಉತ್ತರ ಸುಲಭ. ಆ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ.

ನಿಮ್ಮ ಪತ್ರದಲ್ಲಿ ಬರದ ಒಂದು ವಿಷಯ ಹೇಳಬೇಕು. ಈ ಇಬ್ಬರ ಬದುಕಿನಲ್ಲಿ ನನಗೆ ಅತಿ ಮುಖ್ಯ ಅನಿಸುವುದು ಅದೇ. ಐವತ್ತರ ದಶಕದ ಕೊನೆಯಲ್ಲಿ ಕನ್ನಡ ಚಿತ್ರರಂಗ ಸೊರಗಿತ್ತು. ಸ್ಟುಡಿಯೋ, ಲ್ಯಾಬ್ ಎಲ್ಲ ಮದ್ರಾಸಿನಲ್ಲಿ. ಚಿತ್ರಗಳು ಕಡಿಮೆಯಾದಾಗ ನಮ್ಮ ಕಲಾವಿದರು ಅಲ್ಲಿ ಕೆಲಸವಿಲ್ಲದೆ ಕೂರಬೇಕಾಯಿತು. ಆಗ ರಾಜ್‌ಕುಮಾರ್, ಜಿ.ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು ಈ ನಾಲ್ವರು ಸೇರಿ ಕನ್ನಡ ಚಲನಚಿತ್ರ ಕಲಾವಿದರ ಸಂಘ ಕಟ್ಟಿದರು. ಊರೂರು ತಿರುಗಿ ನಾಟಕ ಆಡಿದರು. ತೆರೆಯ ಮೇಲೆ ಹೆಸರಾದವರು ಮತ್ತೆ ಬಣ್ಣದ ಪೆಟ್ಟಿಗೆ ಹೊತ್ತು ಹೊರಟರು. 1960ರಲ್ಲಿ ಸಂಘದ ಹೆಸರಿನಲ್ಲೇ ‘ರಣಧೀರ ಕಂಠೀರವ’ ತೆಗೆದರು. ಮೈಸೂರಿನ ಅರಸನ ಕಥೆ. ಚಿತ್ರ ಗೆದ್ದಿತು. ಸೋತಿದ್ದರೆ ನಾಲ್ವರೂ ಸಾಲದಲ್ಲಿ ಮುಳುಗುತ್ತಿದ್ದರು. ಆ ಹೊತ್ತಿನಲ್ಲಿ ಬಾಲಣ್ಣ ದೊಡ್ಡವರೋ ನರಸಿಂಹರಾಜು ದೊಡ್ಡವರೋ ಅನ್ನುವ ಪ್ರಶ್ನೆ ಅವರಿಬ್ಬರ ತಲೆಗೂ ಬಂದಿರಲಿಕ್ಕಿಲ್ಲ. ಒಂದೇ ಬಗೆಯ ಪಾತ್ರಗಳಿಗೆ ಪೈಪೋಟಿ ನಡೆಸಬೇಕಾಗಿದ್ದ ಇಬ್ಬರು ಹಾಸ್ಯನಟರು ಹೀಗೆ ಒಂದೇ ಕಡೆ ದುಡ್ಡು ಹಾಕಿದ್ದನ್ನು ನೆನೆದರೆ ನನಗೆ ಈಗಲೂ ಎದೆ ತುಂಬಿ ಬರುತ್ತದೆ.

ಬಾಲಣ್ಣ ಅಷ್ಟಕ್ಕೇ ನಿಲ್ಲಲಿಲ್ಲ. ಕನ್ನಡ ಚಿತ್ರಗಳು ಕನ್ನಡ ನೆಲದಲ್ಲೇ ತಯಾರಾಗಬೇಕು ಅಂತ ಹಟ ಹಿಡಿದರು. ಸರ್ಕಾರದಿಂದ ಬೆಂಗಳೂರಿನ ಕೆಂಗೇರಿ–ಉತ್ತರಹಳ್ಳಿ ಕಡೆ 20 ಎಕರೆ ಜಾಗ ಪಡೆದು ಅಭಿಮಾನ್ ಸ್ಟುಡಿಯೋ ಕಟ್ಟಲು ಹೊರಟರು. ನಟನೆಯಲ್ಲಿ ದುಡಿದದ್ದನ್ನು ಅದಕ್ಕೆ ಸುರಿದರು. ದುಡ್ಡಿನ ಮುಗ್ಗಟ್ಟು ಕೊನೆವರೆಗೂ ಬಿಡಲಿಲ್ಲ. ಐನೂರು ಚಿತ್ರ ಮಾಡಿದ್ದರ ಹಿಂದೆ ಈ ಒತ್ತಡವೂ ಇತ್ತು, ಸಿಕ್ಕ ಪಾತ್ರ ಬಿಡುವ ಹಾಗಿರಲಿಲ್ಲ ಅನ್ನುವುದು ನನ್ನ ಅನಿಸಿಕೆ. ಹಾಗಾಗಿ ಸಣ್ಣಪುಟ್ಟ, ಮನಸ್ಸಿಗೆ ಹಿಡಿಸದ ಪಾತ್ರಗಳೂ ಆ ಪಟ್ಟಿಯಲ್ಲಿ ಎಷ್ಟೋ ಇವೆ. 2009ರಲ್ಲಿ ವಿಷ್ಣುವರ್ಧನ್ ಅವರ ಅಂತ್ಯಸಂಸ್ಕಾರ ನಡೆದದ್ದು ಅದೇ ಜಾಗದಲ್ಲಿ. 2025ರ ಆಗಸ್ಟ್‌ನಲ್ಲಿ ಅಲ್ಲಿದ್ದ ಅವರ ಸಮಾಧಿ ನೆಲಸಮವಾದಾಗ ಇಡೀ ನಾಡು ಆ ಸ್ಟುಡಿಯೋ ಬಗ್ಗೆ ಮಾತಾಡಿತು. ಆದರೆ ಅದನ್ನು ಕಟ್ಟಲು ಹೊರಟ ಮನುಷ್ಯ ಎಂಥ ನಟ ಅನ್ನುವ ಮಾತು ಎಲ್ಲೂ ಹೆಚ್ಚಾಗಿ ಬರಲಿಲ್ಲ. ಜಮೀನಿನ ತಕರಾರಿನಲ್ಲಿ ಮಾತ್ರ ಬಾಲಣ್ಣನ ಹೆಸರು ಕೇಳುವಂತಾದದ್ದು ನನಗೆ ತುಂಬಾ ನೋವಿನ ಸಂಗತಿ.

ಕೊನೆಗೊಂದು ಕೋರಿಕೆ. ನಿಮ್ಮ ತಂದೆಯವರು ಇಬ್ಬರನ್ನೂ ನಾಟಕದಲ್ಲಿ ನೋಡಿದ್ದರು ಅಂತ ಬರೆದಿದ್ದೀರಿ. ಅದು ಕಲಾವಿದರ ಸಂಘದ ತಿರುಗಾಟದ ದಿನಗಳದ್ದೇ ಇರಬಹುದು. ಅವರ ಹಳೇ ಪೆಟ್ಟಿಗೆಯಲ್ಲಿ ಆ ನಾಟಕದ ಕರಪತ್ರವೋ, ಫೋಟೋವೋ, ಯಾವ ಊರು, ಯಾವ ನಾಟಕ ಅಂತ ಬರೆದಿಟ್ಟ ಚೀಟಿಯೋ ಇದ್ದರೆ ದಯವಿಟ್ಟು ಕಳಿಸಿಕೊಡಿ. ಪ್ರತಿ ತೆಗೆದುಕೊಂಡು ಮೂಲವನ್ನು ಸ್ಪೀಡ್ ಪೋಸ್ಟ್‌ನಲ್ಲಿ ನಿಮಗೆ ವಾಪಸ್ ಕಳಿಸುತ್ತೇವೆ. ತಿಪಟೂರಿನ ಬೀಗರ ಮನೆಯಲ್ಲೂ ಒಮ್ಮೆ ಹುಡುಕಿಸಿ.

– ಸಂಪಾದಕ