ಅರಬೈಲ್ ಘಟ್ಟದಲ್ಲಿ ಲಾರಿ ಓಡಿಸುತ್ತ ನೋಟ ಸವಿಯುವುದು

ಕಾರವಾರದಿಂದ ಹುಬ್ಬಳ್ಳಿಗೆ ಲೋಡ್ ಲಾರಿ ಓಡಿಸುವಾಗ ಅರಬೈಲ್ ಘಟ್ಟದ ಸೊಬಗನ್ನು ಸವಿಯಲು ಸಾಧ್ಯವೇ ಎಂದು ತಾವು ಕೇಳಿದ್ದೀರಿ. ಖಂಡಿತ ಸಾಧ್ಯ. ಅಂಕೋಲಾ ದಾಟಿ ಹೆದ್ದಾರಿ 52ರಲ್ಲಿ ಘಟ್ಟ ಏರುವಾಗ ಲಾರಿ ಕೆಳಗಿನ ಗೇರಿನಲ್ಲೇ ತೆವಳುವುದರಿಂದ, ರಸ್ತೆಯಿಂದ ಕಣ್ಣು ಕೀಳದೆಯೇ ಪ್ರತಿ ತಿರುವಿನಾಚೆ ಪದರಪದರವಾಗಿ ತೆರೆದುಕೊಳ್ಳುವ ಕಾಡು ಕಾಣುತ್ತದೆ. ಮಳೆ ನಿಂತ ಹೊತ್ತಿನಲ್ಲಿ ಗಾಜು ಇಳಿಸಿದರೆ ಒದ್ದೆ ತರಗೆಲೆಯ ವಾಸನೆ ಕ್ಯಾಬಿನ್ ತುಂಬುತ್ತದೆ. ಇಳಿಯುವಾಗ ಮಾತ್ರ ನೋಟದ ಆಸೆ ಬಿಡಿ: ಬ್ರೇಕನ್ನೇ ತುಳಿಯುತ್ತಿದ್ದರೆ ಲೈನರ್ (ಚಕ್ರವನ್ನು ಉಜ್ಜಿ ನಿಲ್ಲಿಸುವ ಪಟ್ಟಿ) ಕಾದು ಬ್ರೇಕಿನ ಹಿಡಿತ ತಪ್ಪುತ್ತದೆ, ಆದ್ದರಿಂದ ಗೇರಿನ ಬಲದಲ್ಲೇ ಇಳಿಸಬೇಕು. ಮಳೆಗಾಲದಲ್ಲಿ ಕಡಿದ ಗುಡ್ಡದ ಬುಡದಲ್ಲಿ ನಿಲ್ಲಲೇಬೇಡಿ. 2024ರ ಜುಲೈನಲ್ಲಿ ಅಂಕೋಲಾ ಬಳಿಯ ಶಿರೂರಿನ ಗುಡ್ಡ ಕುಸಿದಾಗ ಲಾರಿಯೇ ಗಂಗಾವಳಿ ನದಿಯ ಪಾಲಾಯಿತು. ನಿಂತು ನೋಡಬೇಕೆನಿಸಿದರೆ ಘಟ್ಟ ಹತ್ತಿದ ಮೇಲೆ, ಯಲ್ಲಾಪುರದ ಕಡೆ ವಿಶಾಲವಾದ ಜಾಗದಲ್ಲಿ ನಿಲ್ಲಿಸಬಹುದು.