ಹನ್ನೊಂದು ರಟ್ಟಿನ ಪೆಟ್ಟಿಗೆ

ಇವರನ್ನು ಶೈಲಾ ಎಂದು ಕರೆಯೋಣ. ಹೆಸರಿನ ಜೊತೆ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ವಯಸ್ಸು 41. ನಿದ್ದೆ ಬರುತ್ತಿಲ್ಲ, ಗಂಡನ ಜೊತೆ ದಿನಾ ಜಗಳ ಎಂದು ಆಪ್ತಸಲಹೆಗೆ ನನ್ನ ಬಳಿ ಬಂದಿದ್ದರು. ಮನೆ ರಿಪೇರಿ ನಡೀತಿದೆ ಅನ್ನುವುದನ್ನು ಎದ್ದು ಹೊರಡುವಾಗ ಸುಮ್ನೆ ಹೇಳಿದರು. ನಾನು ಮತ್ತೆ ಕೂರಿಸಿದೆ.

ಹಿಂದಿನ ಸಣ್ಣ ಕೋಣೆ ಅವರ ಆಫೀಸ್ ಆಗಬೇಕಿತ್ತು. ಅಲ್ಲಿ 11 ರಟ್ಟಿನ ಪೆಟ್ಟಿಗೆಗಳಿದ್ದವು. ಗೋಡೆ ಒಡೆಯುವಾಗ ಹಾಲಿಗೆ ಬಂದವು, ಹಾಲಿಗೆ ಬಣ್ಣ ಹೊಡೆಯುವಾಗ ಮಲಗುವ ಕೋಣೆಗೆ. ಈಗ ಅವುಗಳ ಮೇಲೆಯೇ ಲ್ಯಾಪ್‌ಟಾಪ್ ಇಟ್ಟು ಕೆಲಸ. "ಇವಳು ಒಂದು ಚೀಟಿನೂ ಬಿಸಾಕಲ್ಲ ಮೇಡಂ" ಎಂದರು ಗಂಡ.

ಮೊದಲ ಸಲ ತಪ್ಪು ಮಾಡಿದ್ದು ನಾನೇ. ಇಡುವುದು, ಕೊಡುವುದು, ಎಸೆಯುವುದು ಎಂದು ಮೂರು ಗುಂಪು ಮಾಡಿ, ದಿನಕ್ಕೊಂದು ಪೆಟ್ಟಿಗೆ ಮುಗಿಸಿ ಎಂದು ಕಳಿಸಿದೆ. ಇಷ್ಟು ಕೇಳಲು ಆಪ್ತಸಲಹೆಗಾರರ ಹತ್ತಿರ ಯಾಕೆ ಬರಬೇಕು, ಅಲ್ವಾ? ನಾಲ್ಕು ಪೆಟ್ಟಿಗೆ ಸಲೀಸಾಗಿ ಖಾಲಿಯಾದವು. ಐದನೆಯದನ್ನು ತೆರೆದವರು ರಾತ್ರಿ ಎರಡು ಗಂಟೆವರೆಗೆ ನೆಲದ ಮೇಲೆ ಕೂತೇ ಇದ್ದರಂತೆ.

ಅದರಲ್ಲಿದ್ದದ್ದು ಅರ್ಧಕ್ಕೆ ಬಿಟ್ಟ ಪಿಎಚ್‌ಡಿ. ಮಗು ಹುಟ್ಟಿದ ವರ್ಷ ನಿಂತದ್ದು. ಉಳಿದ ಆರರಲ್ಲೂ ಅದೇ: ಟಿಪ್ಪಣಿ, ಜೆರಾಕ್ಸ್, ಗೈಡ್ ತಿದ್ದಿದ ಅಧ್ಯಾಯಗಳು. "ಎಸೆದರೆ ಇನ್ನು ಆಗಲ್ಲ ಅಂತ ನಾನೇ ಒಪ್ಪಿಕೊಂಡ ಹಾಗೆ. ಇಟ್ಟರೆ ದಿನಾ ಅದರ ಎದುರಿಗೇ ಕೂತು ಬೇರೆ ಕೆಲಸ ಮಾಡಬೇಕು" ಎಂದರು.

ವಸ್ತು ಬಿಡಲಾಗದಿರುವುದು ಕಾಯಿಲೆಯೂ ಆಗಬಹುದು. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ 2013ರಿಂದ ಹೋರ್ಡಿಂಗ್‌ಗೆ, ಅಂದರೆ ವಸ್ತು ಕೂಡಿಡುವ ಕಾಯಿಲೆಗೆ, ಪ್ರತ್ಯೇಕ ಜಾಗವಿದೆ. ಅದಕ್ಕೇ ವಿಚಾರಿಸಿದೆ. ಬೇರೆ ವಸ್ತು ಕೊಡಲು ಇವರಿಗೆ ಸಂಕಟವಿರಲಿಲ್ಲ, ಮನೆಯೂ ಎಂದೂ ಓಡಾಡಲಾಗದಷ್ಟು ತುಂಬಿರಲಿಲ್ಲ. ಇದು ಅದಲ್ಲ.

ಗಂಡನಿಗೆ 1990ರಲ್ಲಿ ಪ್ರಕಟವಾದ ಒಂದು ಪ್ರಯೋಗದ ಬಗ್ಗೆ ಹೇಳಿದೆ. ಮನಶ್ಶಾಸ್ತ್ರಜ್ಞ ಡ್ಯಾನಿಯಲ್ ಕಾನೆಮನ್ ಮತ್ತು ಜೊತೆಗಾರರು ಕೆಲವು ವಿದ್ಯಾರ್ಥಿಗಳಿಗೆ ಮಗ್ ಕೊಟ್ಟು, ಎಷ್ಟಕ್ಕೆ ಮಾರುತ್ತೀರಿ ಎಂದು ಕೇಳಿದರು. ಮಗ್ ಸಿಗದವರು ಕೊಡಲು ಒಪ್ಪಿದ ಬೆಲೆಯ ಸುಮಾರು ಎರಡರಷ್ಟನ್ನು ಇವರು ಕೇಳಿದರು. ಆಗಷ್ಟೇ ಕೈಗೆ ಬಂದ ಮಗ್‌ಗೇ ಹೀಗಾದರೆ, ವರ್ಷಗಟ್ಟಲೆ ಬರೆದ ಕಾಗದಕ್ಕೆ? ಗಂಡ ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಬಳಿ ಕೆಟ್ಟುಹೋದ ಮೂರು ಮೊಬೈಲ್ ಇವೆ ಎಂದು ಒಪ್ಪಿಕೊಂಡರು.

ಸಲಹೆಯನ್ನು ತಿರುಗಿಸಿದೆ. ಗೋಡೆ ಒಡೆಯುವ ಸದ್ದಿನ ನಡುವೆ ಇಂಥ ಲೆಕ್ಕ ಮುಗಿಸುವುದು ಬೇಡ. ಮತ್ತೆ ಸಿಗುವ ಜೆರಾಕ್ಸ್ ಮಾತ್ರ ಈಗ ಹೋಗಲಿ. ಉಳಿದದ್ದಕ್ಕೆ ಟೇಪ್ ಹಚ್ಚಿ, ಆರು ತಿಂಗಳ ಮುಂದಿನ ತಾರೀಕು ಬರೆದು, ಆಫೀಸ್ ಕೋಣೆಯಿಂದ ಹೊರಗಿಡಿ. ಅಲ್ಲಿಯವರೆಗೆ ಗಂಡ ಅದನ್ನು ಮುಟ್ಟುವಂತಿಲ್ಲ, ಆ ಮಾತನ್ನು ಎತ್ತುವಂತೆಯೂ ಇಲ್ಲ. ಎರಡನೆಯದು ಅವರಿಗೆ ಜಾಸ್ತಿ ಕಷ್ಟವಾಯಿತು.

ಕಾಯಲು ಆಗದ್ದು ಪ್ಲಗ್ ಪಾಯಿಂಟ್. ಪ್ಲಾಸ್ಟರಿಂಗ್ ಆದಮೇಲೆ ನೆನಪಾದರೆ ಗೋಡೆ ಮತ್ತೆ ಕೊರೆಯಬೇಕು. ಖಾಲಿ ಕೋಣೆಯಲ್ಲಿ ಕುರ್ಚಿ, ಮೇಜು ಹಾಕಿ ಹಗಲಲ್ಲಿ ಒಂದು ಗಂಟೆ ಕೂತು ನೋಡಿ ಎಂದೆ. ಕಿಟಕಿ ಪಕ್ಕಕ್ಕಿರಲಿ. ಬೆನ್ನ ಹಿಂದಿದ್ದರೆ ಪರದೆ ಹೊಳೆಯುತ್ತದೆ, ಎದುರಿಗಿದ್ದರೆ ಕಣ್ಣು ಕುಕ್ಕುತ್ತದೆ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ, ದೂರ ಒಂದು ತೋಳಿನಷ್ಟು. ಆಮೇಲೆ ಸೀಮೆಸುಣ್ಣದಲ್ಲಿ ಗೋಡೆ ಮೇಲೆ ಗುರುತು ಹಾಕಿ. ಅಲ್ಲಿಯವರೆಗೆ ಲ್ಯಾಪ್‌ಟಾಪ್ ಮಲಗುವ ಕೋಣೆಯಿಂದ ಹೊರಗಿರಲಿ. ನಾಳೆ ಯಾವ ಹೊತ್ತಿಗೆ ಡ್ರಿಲ್ಲಿಂಗ್ ಎಂದು ಮೇಸ್ತ್ರಿಯನ್ನು ಹಿಂದಿನ ಸಂಜೆಯೇ ಕೇಳಿ, ಮೀಟಿಂಗ್‌ಗಳನ್ನು ಅದಕ್ಕೆ ಹೊಂದಿಸಿಕೊಳ್ಳಿ.

ಎರಡು ತಿಂಗಳ ನಂತರ ಶೈಲಾ ಬಂದಾಗ ಪೆಟ್ಟಿಗೆ ಎರಡಕ್ಕೆ ಇಳಿದಿತ್ತು. ಟೇಪ್ ಹಾಗೇ ಇತ್ತು. ನಿದ್ದೆ ಪರವಾಗಿಲ್ಲ ಎಂದರು. ಸೀಮೆಸುಣ್ಣದ ಗುರುತನ್ನು ಯಾರೋ ಒರೆಸಿಬಿಟ್ಟು, ಒಂದು ಪ್ಲಗ್ ಪಾಯಿಂಟ್ ಕಪಾಟಿನ ಹಿಂದೆ ಹೋಗಿತ್ತಂತೆ.

"ಜಗಳ ಆಯ್ತಾ?" ಎಂದೆ.

"ಆಯ್ತು ಮೇಡಂ. ಇಬ್ಬರೂ ಸೇರಿ ಮೇಸ್ತ್ರಿ ಜೊತೆ."